ಡೀಸೆಲ್ ಎಲ್ಲಿ ನಿಂತಿತು?

ಗ್ಯಾರೇಜ್ ಪ್ರಶ್ನೋತ್ತರ

ಕಬ್ಬಿನ ಹಂಗಾಮು ಶುರುವಾಗುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಲಾರಿಯವರ ಪತ್ರಗಳು ಹೆಚ್ಚಿವೆ. ಬಹಳ ಮಂದಿ ಕೇಳಿರುವುದು ಒಂದೇ ಮಾತು: ‘ಪಂಪ್ ಹೋಗಿದೆ ಅಂತಾರೆ, ಬದಲಿಸಲೇ?’ ಟಾಕಿಯಿಂದ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ವರೆಗಿನ ಡೀಸೆಲ್ ದಾರಿಯಲ್ಲಿ ಪಂಪ್ ಒಂದು ಠಾಣೆ ಅಷ್ಟೇ. ಹಿಂದಿನ ಠಾಣೆಗಳನ್ನು ನೋಡದೆ ಅದನ್ನು ಬಿಚ್ಚಿಸಿದರೆ ದುಡ್ಡೂ ಹೋಗುತ್ತದೆ, ಹಂಗಾಮಿನ ದಿನಗಳೂ ಹೋಗುತ್ತವೆ. ಒಂದೇ ತರಹದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು ಹಳೆಯ ಆರು ಸಿಲಿಂಡರ್ ಲಾರಿ, ಮೈಕೋ ಕಂಪನಿಯ ಪಂಪ್. ಖಾಲಿ ಇದ್ದಾಗ ಗಾಡಿ ಚೆನ್ನಾಗಿ ಓಡುತ್ತದೆ. ಕಬ್ಬು ತುಂಬಿಕೊಂಡು ಏರು ಹತ್ತುವಾಗ ಮಾತ್ರ ಪಿಕಪ್ ಸತ್ತು, ಕೊನೆಗೆ ಬಂದ್ ಬೀಳುತ್ತದೆ. ಹ್ಯಾಂಡ್ ಪಂಪ್ ಇಪ್ಪತ್ತು ಸಲ ಒತ್ತಿದರೆ ಮತ್ತೆ ಚಾಲೂ ಆಗಿ ಎರಡು ಮೂರು ಕಿಲೋಮೀಟರ್ ಹೋಗುತ್ತದೆ. ಮಿಸ್ತ್ರಿ ಪೂರಾ ಪಂಪ್ ಇಳಿಸಿ ಪರೀಕ್ಷೆಯ ಬೆಂಚಿಗೆ ಹಾಕಬೇಕು ಎನ್ನುತ್ತಾರೆ. ಹೌದೇ?
— ಲಾರಿ ಮಾಲೀಕರು, ಜಮಖಂಡಿ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ಹ್ಯಾಂಡ್ ಪಂಪ್ ಒತ್ತಿ ಡೀಸೆಲ್ ಮುಟ್ಟಿಸಿದ ಕೂಡಲೇ ಎಂಜಿನ್ ಎಳೆಯುತ್ತದೆ ಎಂದರೆ, ಡೀಸೆಲ್ ಸಿಕ್ಕಾಗ ಇಂಜೆಕ್ಷನ್ ಪಂಪ್ (ನಾಜಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಮುಖ್ಯ ಪಂಪ್) ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಕೊರತೆ ಇರುವುದು ಅದಕ್ಕೆ ಡೀಸೆಲ್ ತಂದುಕೊಡುವ ಕಡೆ: ಟಾಕಿ, ಪೈಪು, ಫಿಲ್ಟರ್, ಟಾಕಿಯಿಂದ ಡೀಸೆಲ್ ಎಳೆದು ತರುವ ಫೀಡ್ ಪಂಪ್, ಈ ನಾಲ್ಕರಲ್ಲಿ ಒಂದು.

ಖಾಲಿ ಗಾಡಿಯಲ್ಲಿ ತೊಂದರೆ ಕಾಣದಿರುವುದಕ್ಕೆ ಕಾರಣ ಸರಳ. ಲೀಟರಿಗೆ 4 ಕಿ.ಮೀ. ಕೊಡುವ ಲಾರಿ ಗಂಟೆಗೆ 40 ಕಿ.ಮೀ. ಓಡಿದರೆ ಗಂಟೆಗೆ 10 ಲೀಟರ್ ಉರಿಸುತ್ತದೆ. ತುಂಬಿದ ಗಾಡಿ ಏರು ಹತ್ತುವಾಗ ಇದು ಎಷ್ಟೋ ಪಾಲು ಹೆಚ್ಚುತ್ತದೆ. ಒಳ್ಳೆಯ ಫೀಡ್ ಪಂಪ್ ಎಂಜಿನ್ ಉರಿಸುವುದಕ್ಕಿಂತ ಬಹಳ ಹೆಚ್ಚು ಡೀಸೆಲ್ ತಂದು, ಉಳಿದದ್ದನ್ನು ರಿಟರ್ನ್ ಪೈಪಿನಿಂದ ಟಾಕಿಗೆ ವಾಪಸ್ ಕಳಿಸುತ್ತದೆ. ದಾರಿ ಅರ್ಧ ಕಟ್ಟಿಕೊಂಡಿದ್ದರೂ ಖಾಲಿ ಗಾಡಿಗೆ ಸಾಕಾಗುತ್ತದೆ, ಲೋಡಿಗೆ ಸಾಲುವುದಿಲ್ಲ.

ಮೊದಲ ಪರೀಕ್ಷೆಗೆ ಒಂದು ಪೈಸೆಯೂ ಬೇಡ. ಗಾಡಿ ಸತ್ತ ಕೂಡಲೇ ಟಾಕಿಯ ಮುಚ್ಚಳ ತೆಗೆಯಿರಿ. ‘ಹುಸ್’ ಎಂದು ಹವಾ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರುರಂಧ್ರ ಕಟ್ಟಿದೆ. ಎರೆಮಣ್ಣಿನ ದೂಳು ಎಣ್ಣೆಯ ಜಿಡ್ಡಿಗೆ ಅಂಟಿ ಆ ಸಣ್ಣ ತೂತನ್ನು ಸಿಮೆಂಟಿನಂತೆ ಮುಚ್ಚಿಬಿಡುತ್ತದೆ. ಡೀಸೆಲ್ ಖಾಲಿಯಾದಷ್ಟು ಜಾಗಕ್ಕೆ ಹವಾ ಬರದಿದ್ದರೆ ಟಾಕಿಯೇ ಡೀಸೆಲ್ ಅನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಅರ್ಧ ತಾಸು ನಿಂತರೆ ತಾನೇ ಸರಿಹೋಗುವುದು ಈ ದೋಷದ ಗುರುತು. ರಂಧ್ರ ಚೊಕ್ಕ ಮಾಡಿ, ಡೀಸೆಲ್‌ನಲ್ಲಿ ತೊಳೆದು, ಬಾಯಿಂದ ಊದಿ ನೋಡಿ.

ಎರಡನೆಯದು ಫಿಲ್ಟರ್. ನಿಮ್ಮ ಗಾಡಿಯಲ್ಲಿ ಎರಡು ಬಟ್ಟಲು ಇರುತ್ತವೆ: ಮೊದಲನೆಯದು ಬಟ್ಟೆಯದು, ಎರಡನೆಯದು ಕಾಗದದ್ದು. ಬಟ್ಟೆಯದನ್ನು ಡೀಸೆಲ್‌ನಲ್ಲಿ ತೊಳೆದು ಒಂದೆರಡು ಸಲ ಬಳಸಬಹುದು. ಕಾಗದದ್ದನ್ನು ತೊಳೆಯಬೇಡಿ, ಹವಾ ಹೊಡೆದು ಮತ್ತೆ ಹಾಕಲೂಬೇಡಿ. ಹವಾ ಹೊಡೆದ ಕಾಗದ ಕಣ್ಣಿಗೆ ಕಾಣದಷ್ಟು ಹರಿಯುತ್ತದೆ, ಆಮೇಲೆ ಅದು ಸೋಸುವುದಿಲ್ಲ.

ಇವೆರಡೂ ಸರಿಯಿದ್ದರೆ ಕ್ಯಾನ್ ಪರೀಕ್ಷೆಗೆ ಬನ್ನಿ. ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಹಳೆಯ ಗಾಡಿಗೆ ಇನ್ನೊಂದಿಲ್ಲ. 10 ಲೀಟರ್‌ನ ಚೊಕ್ಕ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಎಂಜಿನ್‌ಗಿಂತ ಎತ್ತರದಲ್ಲಿ, ಸೈಲೆನ್ಸರ್‌ನಿಂದ ದೂರ ಬಿಗಿಯಾಗಿ ಕಟ್ಟಿ. ಕ್ಯಾಬಿನ್ ಒಳಗೆ ಮಾತ್ರ ಇಡಬೇಡಿ. ಫೀಡ್ ಪಂಪ್‌ಗೆ ಟಾಕಿಯಿಂದ ಬರುವ ಪೈಪ್ ಬಿಚ್ಚಿ, ಅಲ್ಲಿಗೆ ಕ್ಯಾನಿನ ಪೈಪ್ ಕ್ಲಿಪ್ ಹಾಕಿ ಜೋಡಿಸಿ. ಈಗ ಗಾಡಿ ಸರಿಯಾಗಿ ಎಳೆದರೆ ಫೀಡ್ ಪಂಪ್ ನಿರಪರಾಧಿ, ದೋಷ ಟಾಕಿ ಕಡೆಗಿದೆ. ರಿಟರ್ನ್ ಟಾಕಿಗೇ ಹೋಗುವುದರಿಂದ ಕ್ಯಾನ್ ಅಂದುಕೊಂಡದ್ದಕ್ಕಿಂತ ಬೇಗ ಬರಿದಾಗುತ್ತದೆ. ಒಬ್ಬರು ಅದರ ಮೇಲೆಯೇ ಕಣ್ಣಿಟ್ಟಿರಬೇಕು.

ಈಗಲೂ ಸುಧಾರಿಸದಿದ್ದರೆ ಫೀಡ್ ಪಂಪ್ ಬಿಟ್ಟು, ಕ್ಯಾನಿನ ಪೈಪನ್ನು ನೇರವಾಗಿ ಫಿಲ್ಟರ್‌ನ ಒಳಬಾಯಿಗೆ ಕೊಡಿ. ಫೀಡ್ ಪಂಪ್‌ನ ಹೊರಬಾಯಿಯ ಪೈಪಿಗೆ ಮುಚ್ಚಳ ಹಾಕಿ. ಗಾಡಿ ನಿಂತಲ್ಲೇ ರೇಸ್ ಕೊಟ್ಟಾಗ ಎಂಜಿನ್ ಸಲೀಸಾಗಿ ಏರಿದರೆ ಕೆಟ್ಟದ್ದು ಬಹುಶಃ ಫೀಡ್ ಪಂಪ್. ಅದು ಇಂಜೆಕ್ಷನ್ ಪಂಪ್‌ನ ಮಗ್ಗುಲಿಗೆ ಕೂತಿರುವ ಸಣ್ಣ ಭಾಗ, ಪೂರಾ ಪಂಪ್ ಇಳಿಸುವ ಖರ್ಚಿನ ಪಕ್ಕದಲ್ಲಿ ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ದೋಷ ಟಾಕಿ ಕಡೆ ಎಂದು ಗೊತ್ತಾದರೆ ಟಾಕಿಯೊಳಗಿನ ಪೈಪಿನ ತುದಿಯ ಜಾಳಿಗೆಯಿಂದ ಶುರು ಮಾಡಿ. ಹೊಲದಲ್ಲೇ ಡ್ರಮ್ಮಿನಿಂದ ಡೀಸೆಲ್ ತುಂಬುವ ಕಬ್ಬಿನ ಗಾಡಿಗಳಲ್ಲಿ ಬೆರಳಗಲದ ಒಂದು ರವದಿ (ಕಬ್ಬಿನ ಒಣ ಎಲೆ) ತುಣುಕು ಈ ಜಾಳಿಗೆಗೆ ಅಂಟಿ ಕೂರುವುದುಂಟು. ಎಂಜಿನ್ ಎಳೆಯುವಾಗ ಅಂಟುತ್ತದೆ, ನಿಂತಾಗ ಕಳಚಿ ತೇಲುತ್ತದೆ. ಆದ್ದರಿಂದ ಗ್ಯಾರೇಜಿಗೆ ಬಂದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪೈಪಿಗೆ ಹಿಂದಿನಿಂದ ಹವಾ ಹೊಡೆಯುವುದಾದರೆ ಟಾಕಿಯ ಮುಚ್ಚಳ ತೆಗೆದು ಮೆಲ್ಲಗೆ ಹೊಡೆಯಿರಿ. ಆದರೆ ಅದರಿಂದ ಕಸ ಟಾಕಿಯೊಳಗೇ ಉಳಿಯುತ್ತದೆ. ಡೀಸೆಲ್ ಮಟ್ಟ ತೋರಿಸುವ ಫ್ಲೋಟ್ ಬಿಚ್ಚಿ ಕಸ ಹೊರತೆಗೆದರೇ ಕೆಲಸ ಮುಗಿದಂತೆ.

ಇನ್ನೊಂದು ಮಾತು. ಟಾಕಿ ಮತ್ತು ಫೀಡ್ ಪಂಪ್ ನಡುವಿನ ಪೈಪಿನಲ್ಲಿ ಸೀಳು ಇದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ. ಅಲ್ಲಿ ಎಳೆತ ಇರುವುದರಿಂದ ಹವಾ ಒಳಗೆ ಹೋಗುತ್ತದೆ. ‘ಎಲ್ಲೂ ಒದ್ದೆ ಇಲ್ಲ, ಪೈಪ್ ಸರಿ ಇದೆ’ ಎಂಬ ಮಾತು ಈ ಭಾಗಕ್ಕೆ ಸಲ್ಲದು. ಫೀಡ್ ಪಂಪ್‌ಗೆ ಮುಂಚೆ ಒಂದಡಿ ಪಾರದರ್ಶಕ ಪೈಪ್ ಹಾಕಿ, ಎಂಜಿನ್ ಓಡಿಸಿ ನೋಡಿ. ಗುಳ್ಳೆ ಸಾಲುಗಟ್ಟಿ ಬಂದರೆ ಹವಾ ಹೊಕ್ಕುವ ಜಾಗ ಹಿಂದೆಯೇ ಇದೆ. ಬೆಳಿಗ್ಗೆ ಮೊದಲ ಸಲ ಚಾಲೂ ಆಗಲು ಗಾಡಿ ಸತಾಯಿಸುತ್ತಿದ್ದರೆ ಈ ಅನುಮಾನ ಇನ್ನೂ ಗಟ್ಟಿ. ರಾತ್ರಿಯೆಲ್ಲ ಡೀಸೆಲ್ ಆ ಸೀಳಿನಿಂದಾಗಿ ಟಾಕಿಗೆ ಇಳಿದುಹೋಗಿರುತ್ತದೆ.

ಪ್ರಶ್ನೆ: ಫೀಡ್ ಪಂಪ್ ಹೋಗೇತಿ ಅಂತ ಖಾತ್ರಿ ಆಗೇದ್ರಿ. ಹೊಸಾದು ತಂದೇನಿ. ನಾನs ಕೂಡಸ್ಬೇಕಂತೀನಿ. ಹೆಂಗ ಬಿಚ್ಚೂದು, ಹವಾ ಹೆಂಗ ತಗಿಯೂದು, ಬಿಡಿಸಿ ಹೇಳ್ರಿ. ಹಳೇದನ್ನ ರಿಪೇರಿ ಮಾಡಾಕ ಬರ್ತೈತೇನ್ರಿ?
— ಡ್ರೈವರ್, ಮುಧೋಳ

ಉತ್ತರ: ಕೂರಿಸಬಹುದು, ಒಂದೂವರೆ ತಾಸಿನ ಕೆಲಸ. ಟೈಮಿಂಗ್ (ಡೀಸೆಲ್ ಸಿಂಪಡಿಸುವ ಗಳಿಗೆಯ ಹೊಂದಾಣಿಕೆ) ಮುಟ್ಟಬೇಕಿಲ್ಲ. ಬೇಕಾದದ್ದು: ಹೊಸ ಫೀಡ್ ಪಂಪ್, ಅದರ ಗ್ಯಾಸ್ಕೆಟ್, ಬ್ಯಾಂಜೋ ಬೋಲ್ಟ್ (ಪೈಪನ್ನು ಪಂಪ್‌ಗೆ ಹಿಡಿದಿಡುವ ತೂತಿನ ಬೋಲ್ಟ್) ಒಂದಕ್ಕೆ ಎರಡರಂತೆ ನಾಲ್ಕು ಹೊಸ ತಾಮ್ರದ ವಾಷರ್, ಎರಡು ಲೀಟರ್ ಚೊಕ್ಕ ಡೀಸೆಲ್, ಒಂದು ಬ್ರಷ್, ನೂಲು ಬಿಡದ ಅರಿವೆ. ಹತ್ತಿ ವೇಸ್ಟ್ ಬೇಡ, ಅದರ ಎಳೆ ವಾಲ್ವಿನೊಳಗೆ ಹೋಗುತ್ತದೆ.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪಾನಾ ಹಚ್ಚುವ ಮೊದಲೇ ಪಂಪ್ ಸುತ್ತಮುತ್ತ ಡೀಸೆಲ್ ಹಾಕಿ ಬ್ರಷ್‌ನಿಂದ ತೊಳೆಯಿರಿ. ಈ ಹತ್ತು ನಿಮಿಷವನ್ನು ಉಳಿಸಲು ಹೋಗುವವರೇ ಹೆಚ್ಚು, ಆಮೇಲೆ ಹೊಸ ಪಂಪ್‌ನ ವಾಲ್ವಿನ ಕೆಳಗೆ ಮರಳಿನ ಕಣ ಸಿಕ್ಕಿಬಿದ್ದು ಅದೂ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಎರಡೂ ಬ್ಯಾಂಜೋ ಬಿಚ್ಚಿ. ಯಾವುದು ಒಳಗೆ, ಯಾವುದು ಹೊರಗೆ ಎಂದು ದಾರ ಕಟ್ಟಿ ಗುರುತು ಮಾಡಿ, ಪೈಪಿನ ಬಾಯಿಗೆ ಚೊಕ್ಕ ಪ್ಲಾಸ್ಟಿಕ್ ಕಟ್ಟಿ. ಆಮೇಲೆ ಪಂಪನ್ನು ಹಿಡಿದಿರುವ ಮೂರು ನಟ್‌ಗಳನ್ನು ಒಂದೊಂದು ಸುತ್ತಿನಂತೆ ಸರದಿಯ ಮೇಲೆ ಸಡಿಲಿಸಿ. ಒಳಗಿನ ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ಳುತ್ತಿರುತ್ತದೆ.

ಪಂಪ್ ಹೊರಬಂದ ಮೇಲೆ ಆ ಕಿಂಡಿಯಲ್ಲಿ ಟಾರ್ಚ್ ಬೆಳಕು ಬಿಟ್ಟು ನೋಡಿ. ಇಂಜೆಕ್ಷನ್ ಪಂಪ್‌ನ ಉಬ್ಬುಗಳಿರುವ ಕ್ಯಾಮ್ ಶಾಫ್ಟ್ ಕಾಣುತ್ತದೆ. ಫೀಡ್ ಪಂಪ್‌ನ ರೋಲರ್ ತಾಗುವ ಜಾಗ ನುಣುಪಾಗಿ ಹೊಳೆಯಬೇಕು. ಗೀರು, ಮೆಟ್ಟಿಲು ಕಂಡರೆ ಹೊಸ ಪಂಪೂ ಹೆಚ್ಚು ದಿನ ಬಾಳದು. ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಚೂರು ಒಳಗೆ ಬೀಳದಂತೆ ಕಿಂಡಿಗೆ ಅರಿವೆ ತುರುಕಿ, ಕೆರೆದ ಮೇಲೆ ಮರೆಯದೆ ತೆಗೆಯಿರಿ.

ಹೊಸದನ್ನು ಕೂರಿಸುವಾಗ ಕ್ಯಾಮಿನ ಉಬ್ಬು ಎದುರಿಗೇ ಇದ್ದರೆ ಫ್ಲ್ಯಾಂಜ್ ಕೂರುವುದಿಲ್ಲ, ಒಂದು ಬೆರಳಿನಷ್ಟು ಹೊರಗೇ ನಿಲ್ಲುತ್ತದೆ. ನಟ್ ಬಿಗಿದು ಎಳೆಯಲು ಹೋದರೆ ಅಲ್ಯೂಮಿನಿಯಂ ಕಿವಿ ಒಡೆಯುತ್ತದೆ. ಎಂಜಿನ್‌ ಅನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಇಂಜೆಕ್ಷನ್ ಪಂಪ್ ಅರ್ಧ ಸುತ್ತು ತಿರುಗಿ ಉಬ್ಬು ಆಚೆ ಹೋಗುತ್ತದೆ, ಪಂಪ್ ತಾನಾಗಿ ಕೂರುತ್ತದೆ. ಮೂರೂ ನಟ್‌ಗಳನ್ನು ಸರದಿಯ ಮೇಲೆ ಬಿಗಿಯಿರಿ. ಹಳೆಯ ತಾಮ್ರದ ವಾಷರ್ ಕಾಯಿಸಿ ಹಾಕುವ ರೂಢಿಯಿದೆ. ಒಳಬರುವ ಕಡೆಗೆ ಮಾತ್ರ ಹಾಗೆ ಮಾಡಬೇಡಿ, ಅಲ್ಲಿ ಕೂದಲೆಳೆಯಷ್ಟು ಸಂದಿಯೂ ಹವಾ ಎಳೆಯುತ್ತದೆ.

ಹವಾ ತೆಗೆಯುವುದಕ್ಕೆ ಕ್ರಮವಿದೆ, ಟಾಕಿಯಿಂದ ನಾಜಲ್ ಕಡೆಗೆ ಹೋಗಬೇಕು. ಮೊದಲು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ಮೊದಲು ಬರಿ ಹವಾ, ಆಮೇಲೆ ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್, ಕೊನೆಗೆ ಗಾಜಿನ ಕಡ್ಡಿಯಂತೆ ತಿಳಿಯಾದ ಧಾರೆ. ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಎರಡನೇ ಫಿಲ್ಟರ್, ಆಮೇಲೆ ಇಂಜೆಕ್ಷನ್ ಪಂಪ್‌ನ ಬ್ಲೀಡ್ ಸ್ಕ್ರೂ, ಹೀಗೇ. ಹ್ಯಾಂಡ್ ಪಂಪ್ ಗಟ್ಟಿಯಾಗಿ, ಒತ್ತಿದರೆ ಮುಂದೆ ಹೋಗದಂತಾದರೆ ಇಷ್ಟು ದಾರಿ ತುಂಬಿತು. ಹ್ಯಾಂಡ್ ಪಂಪ್‌ನ ತಲೆಯನ್ನು ವಾಪಸ್ ತಿರುಗಿಸಿ ಬಿಗಿಯುವುದನ್ನು ಮರೆಯಬೇಡಿ. ಸಡಿಲ ಬಿಟ್ಟರೆ ಅಲ್ಲಿಂದಲೇ ಹವಾ ಎಳೆಯುತ್ತದೆ.

ಕೊನೆಗೆ ಎರಡು ಮೂರು ನಾಜಲ್‌ಗಳ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ, ಬ್ಯಾಟರಿಯ ನೆಗೆಟಿವ್ ಮತ್ತೆ ಜೋಡಿಸಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದೆರಡು ನಿಮಿಷ ಬಿಡಿ. ಡೀಸೆಲ್ ಚಿಮ್ಮಿದ ಕೂಡಲೇ ನಟ್ ಬಿಗಿಯಿರಿ. ಈ ಕೊನೆಯ ಹೆಜ್ಜೆ ಹಳೆಯ ಮೆಕ್ಯಾನಿಕಲ್ ಪಂಪ್‌ಗೆ ಮಾತ್ರ. ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲ ಇಂಜೆಕ್ಟರ್‌ಗಳಿಗೂ ‘ರೈಲ್’ ಎಂಬ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಕೊಡುವ ಹೊಸ ಗಾಡಿ) ಆ ನಟ್ ಸಡಿಲಿಸುವುದು ಜೀವಕ್ಕೆ ಅಪಾಯ. ಕೆಳಗಿನ ಇಳಕಲ್ ಪ್ರಶ್ನೆಯ ಉತ್ತರ ಓದಿ.

ಹಳೆಯದರ ರಿಪೇರಿ ಕೇಳಿದ್ದೀರಿ. ಕಿಟ್ ಸಿಗುತ್ತದೆ: ಸ್ಪ್ರಿಂಗ್, ಎರಡು ವಾಲ್ವ್, ಒ-ರಿಂಗ್, ವಾಷರ್. ಈ ಪಂಪ್‌ನಲ್ಲಿ ಡೀಸೆಲ್‌ಗೆ ಒತ್ತಡ ಕೊಡುವುದು ಕ್ಯಾಮ್ ಅಲ್ಲ, ಸ್ಪ್ರಿಂಗ್. ಕ್ಯಾಮ್ ಪ್ಲಂಜರನ್ನು (ಒಳಗಿನ ಸಣ್ಣ ಪಿಸ್ಟನ್) ಹಿಂದಕ್ಕೆ ತಳ್ಳಿ ಸ್ಪ್ರಿಂಗ್ ಒತ್ತಿಡುತ್ತದೆ, ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಡೀಸೆಲ್ ಮುಂದೆ ಹೋಗುತ್ತದೆ. ಸ್ಪ್ರಿಂಗ್ ಸೋತರೆ ಡೀಸೆಲ್ ಬರುತ್ತದೆ, ಒತ್ತಡ ಇರುವುದಿಲ್ಲ. ಪರೀಕ್ಷೆ ಸುಲಭ: ಕೈಯಲ್ಲಿ ಹಿಡಿದು ಒಳಬಾಯಿಗೆ ಹೆಬ್ಬೆರಳು ಒತ್ತಿ ಹ್ಯಾಂಡ್ ಪಂಪ್ ಎಳೆಯಿರಿ, ಬೆರಳನ್ನು ಹೀರಿ ಹಿಡಿಯಬೇಕು. ಹಿಡಿಯದಿದ್ದರೆ ಹ್ಯಾಂಡ್ ಪಂಪ್ ಅಥವಾ ವಾಲ್ವ್ ಸೋತಿದೆ. ವಾಲ್ವ್, ಸ್ಪ್ರಿಂಗ್ ಹೋಗಿದ್ದರೆ ಕಿಟ್ ಹಾಕಿ ಹಳೆಯದನ್ನು ಸ್ಪೇರ್ ಆಗಿ ಗಾಡಿಯಲ್ಲಿ ಇಟ್ಟುಕೊಳ್ಳಿ. ಪ್ಲಂಜರ್ ಓಡಾಡುವ ಬೋರ್ ಸವೆದಿದ್ದರೆ ಕಿಟ್‌ನಿಂದ ಉಪಯೋಗವಿಲ್ಲ.

ಬಿಡಿಭಾಗ ಕೇಳುವಾಗ ಒಂದು ಮಾತು: ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಗ್ಯಾರೇಜುಗಳಲ್ಲಿ ಮೈಕೋ ಎಂಬ ಮಾತೇ ನಡೆಯುತ್ತದೆ, ಅಂಗಡಿಯಲ್ಲಿ ಡಬ್ಬಿಯ ಮೇಲೆ ಬಾಷ್ ಎಂದಿರುತ್ತದೆ. ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಹಳೆಯ ಪಂಪ್‌ನ ಮೇಲೆ ಕೆತ್ತಿರುವ ನಂಬರ್ ತೋರಿಸಿ ತನ್ನಿ.

ಪ್ರಶ್ನೆ: ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚುತ್ತಿದೆ. ನೀರು ಸೇರುತ್ತಿದೆಯೇ? ಹೆಡ್ ಬಿಚ್ಚಿಸಬೇಕೇ?
— ಓದುಗರು, ಇಂಡಿ

ಉತ್ತರ: ಹೆಡ್ ಮುಟ್ಟಬೇಡಿ. ನೀರು ಸೇರಿದ್ದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ನಿಮ್ಮದು ಕಪ್ಪಗೆ, ತೆಳ್ಳಗೆ ಇದ್ದು ಡಿಪ್ ಸ್ಟಿಕ್ ಮೂಸಿದರೆ ಡೀಸೆಲ್ ವಾಸನೆ ಬಂದರೆ, ಫೀಡ್ ಪಂಪ್‌ನ ಸ್ಪಿಂಡಲ್ ಸೀಲ್ ಮೊದಲ ಆರೋಪಿ. ಅಲ್ಲಿಂದ ಡೀಸೆಲ್ ಇಂಜೆಕ್ಷನ್ ಪಂಪ್‌ನ ಕ್ಯಾಮ್ ಕೋಣೆಗೆ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆ ತೆಳ್ಳನೆಯ ಆಯಿಲ್‌ನಲ್ಲಿ ಓಡಿಸುವ ಒಂದೊಂದು ದಿನವೂ ಬೇರಿಂಗ್‌ಗೆ ಪೆಟ್ಟು. ಗಾಡಿ ನಿಲ್ಲಿಸಿ, ಫೀಡ್ ಪಂಪ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ, ಆಮೇಲೆ ಓಡಿಸಿ. ಮತ್ತೆ ಏರಿದರೆ ಹನಿ ಸೋರುವ ನಾಜಲ್ ಹುಡುಕಿ.

ಪ್ರಶ್ನೆ: ಗ್ರಾನೈಟ್ ಸಾಗಿಸುವ ಬಿಎಸ್ 4 ಗಾಡಿ, ಕಾಮನ್ ರೈಲ್. ಬಹಳ ಹೊತ್ತು ಸೆಲ್ಫ್ ಹೊಡೆದರೆ ಚಾಲೂ ಆಗುತ್ತದೆ, ಲೋಡಿನಲ್ಲಿ ಚೆಕ್ ಲೈಟ್ ಬಂದು ಶಕ್ತಿ ಇಳಿಯುತ್ತದೆ. ಸ್ಕ್ಯಾನರ್‌ನಲ್ಲಿ ಪಿ 0087 ಎಂಬ ದೋಷದ ಕೋಡ್ ಬಂದಿದೆ. ಹೈ ಪ್ರೆಶರ್ ಪಂಪ್ ಬದಲಿಸಲು ಹೇಳಿದ್ದಾರೆ, ಖರ್ಚು ಲಕ್ಷದ ಮಾತು. ಖಾತ್ರಿ ಹೇಗೆ?
— ಓದುಗರು, ಇಳಕಲ್

ಉತ್ತರ: ಪಿ 0087 ಹೇಳುವುದು ‘ರೈಲ್‌ನಲ್ಲಿ ಒತ್ತಡ ಸಾಲುತ್ತಿಲ್ಲ’ ಎಂದಷ್ಟೇ. ಪಂಪ್ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಒತ್ತಡ ಸಾಲದಿರಲು ಮೂರು ದಾರಿ: ಪಂಪ್‌ಗೆ ಡೀಸೆಲ್ ಬರುತ್ತಿಲ್ಲ, ಪಂಪ್ ಒತ್ತುತ್ತಿಲ್ಲ, ಒತ್ತಿದ್ದು ಮುಂದೆ ಎಲ್ಲೋ ಸೋರಿಹೋಗುತ್ತಿದೆ. ಮೊದಲನೆಯದೂ ಮೂರನೆಯದೂ ಅಲ್ಲ ಎಂದು ಅಳೆದು ತೋರಿಸಿದ ಮೇಲೆಯೇ ಎರಡನೆಯದಕ್ಕೆ ದುಡ್ಡು ಕೊಡಿ.

ಏನನ್ನಾದರೂ ಬಿಚ್ಚುವ ಮೊದಲು ಇದು ತಿಳಿದಿರಲಿ. ಈ ಗಾಡಿಯ ರೈಲ್‌ನಲ್ಲಿ ಐಡ್ಲಿಂಗ್‌ನಲ್ಲೇ 300ರಿಂದ 500 ಬಾರ್, ಲೋಡಿನಲ್ಲಿ ಸಾವಿರ ಬಾರ್ ದಾಟಿದ ಒತ್ತಡ ಇರುತ್ತದೆ. ಎಂಜಿನ್ ಓಡುವಾಗ ಪೈಪ್ ಸಡಿಲಿಸಿದರೆ, ಸೋರಿಕೆ ಹುಡುಕಲು ಕೈ ಆಡಿಸಿದರೆ, ಸೂಜಿಯಂಥ ಧಾರೆ ಚರ್ಮ ತೂರಿ ಡೀಸೆಲ್ ಅನ್ನು ಒಳಗೆ ಹೊಗಿಸುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ಹೇಳಿ. ಎಂಜಿನ್ ಬಂದ್ ಮಾಡಿ ಕನಿಷ್ಠ 10 ನಿಮಿಷ ಬಿಟ್ಟೇ ಪೈಪ್ ಮುಟ್ಟಿ. ಸೋರಿಕೆ ಹುಡುಕಲು ಕೈ ಬೇಡ, ರಟ್ಟಿನ ತುಂಡು ಹಿಡಿಯಿರಿ.

ಈಗ ಪರೀಕ್ಷೆ. ಸ್ಕ್ಯಾನರ್‌ನಲ್ಲಿ ಕೋಡ್ ಬದಿಗಿಟ್ಟು ಲೈವ್ ಡೇಟಾ ತೆಗೆಸಿ: ಬೇಕಾದ ರೈಲ್ ಪ್ರೆಶರ್, ಇರುವ ರೈಲ್ ಪ್ರೆಶರ್, ಎರಡೂ ಪಕ್ಕಪಕ್ಕ. ಸೆಲ್ಫ್ ಹೊಡೆಯುವಾಗ ಸುಮಾರು 200 ಬಾರ್ ಆಗುವವರೆಗೆ ಬಹುತೇಕ ಗಾಡಿಗಳ ಕಂಪ್ಯೂಟರ್ ಇಂಜೆಕ್ಟರ್ ತೆರೆಯುವುದೇ ಇಲ್ಲ. ನಿಮ್ಮ ಗಾಡಿ ಬಹಳ ಹೊತ್ತು ಸೆಲ್ಫ್ ತೆಗೆದುಕೊಳ್ಳುವುದು ಆ ಅಂಕಿ ಮುಟ್ಟಲು ಒದ್ದಾಡುತ್ತಿರುವುದರಿಂದ.

ಆಮೇಲೆ ಕಡಿಮೆ ಒತ್ತಡದ ಕಡೆ. ಟಾಕಿಯಿಂದ ನೀರು ಬೇರ್ಪಡಿಸುವ ಫಿಲ್ಟರ್, ಅಲ್ಲಿಂದ ಹೈ ಪ್ರೆಶರ್ ಪಂಪ್‌ನ ಬೆನ್ನಿಗೆ ಕೂತ ಗೇರ್ ಪಂಪ್, ಅಲ್ಲಿಂದ ಸೂಕ್ಷ್ಮವಾಗಿ ಸೋಸುವ ಫಿಲ್ಟರ್, ಮತ್ತೆ ಹೈ ಪ್ರೆಶರ್ ಪಂಪ್. ಗೇರ್ ಪಂಪ್‌ನ ಒಳಬಾಯಿಗೆ ವ್ಯಾಕ್ಯೂಮ್ ಗೇಜ್ ಹಾಕಿ ರೇಸ್ ಕೊಡಿ. ಎಳೆತ ಅರ್ಧ ಬಾರ್ ದಾಟಿದರೆ ಹಿಂದೆ ಕಟ್ಟಿಕೊಂಡಿರುವುದು ಖಂಡಿತ. ಹೊರಬಾಯಿಯಲ್ಲಿ 10 ಬಾರ್‌ನ ಗೇಜ್ ಹಾಕಿದರೆ ಎಂಜಿನ್ ಓಡುವಾಗ ಹಲವು ಮಾದರಿಗಳಲ್ಲಿ 5 ಬಾರ್ ಆಸುಪಾಸು ಸಿಗುತ್ತದೆ. ನಿಮ್ಮ ಮಾದರಿಯ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ನೋಡಿಯೇ ತೀರ್ಮಾನಿಸಿ.

ಮೂರನೆಯದು ಸೋರಿಕೆ. ನಮ್ಮ ಅಭಿಪ್ರಾಯದಲ್ಲಿ ಅನ್ಯಾಯವಾಗಿ ಬದಲಾಗುವ ಪಂಪ್‌ಗಳು ಹೆಚ್ಚಾಗಿ ಇಲ್ಲಿಯವು. ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ಬಿಚ್ಚಿ, ಒಂದೊಂದಕ್ಕೂ ಒಂದು ಅಳತೆ ನಳಿಗೆ ಹಾಕಿ, ಒಂದು ನಿಮಿಷ ಐಡ್ಲಿಂಗ್ ಓಡಿಸಿ. ಆರು ಸಿಲಿಂಡರಿನ ಗಾಡಿಯಾದರೆ, ಐದರಲ್ಲಿ ಡೀಸೆಲ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದು ಒಂದರಲ್ಲಿ ಎರಡು ಪಟ್ಟು ಇದ್ದರೆ, ನಿಮ್ಮ ಒತ್ತಡವನ್ನು ಕುಡಿಯುತ್ತಿರುವುದು ಆ ಇಂಜೆಕ್ಟರ್. ಕೆಲವು ಎಂಜಿನ್‌ಗಳಲ್ಲಿ ಈ ರಿಟರ್ನ್ ಹೆಡ್‌ನ ಒಳಗೇ ಹರಿಯುತ್ತದೆ. ಅಲ್ಲಿ ಎಂಜಿನ್ ಬಂದ್ ಮಾಡಿ, ಒತ್ತಡ ಇಳಿದ ಮೇಲೆ, ರೈಲ್‌ನ ಒಂದೊಂದೇ ಬಾಯಿಗೆ ಅದಕ್ಕೆಂದೇ ಮಾಡಿದ ಕ್ಯಾಪ್ ಹಾಕಿ, ಯಾವುದನ್ನು ಮುಚ್ಚಿದಾಗ ಒತ್ತಡ ಏರುತ್ತದೆ ಎಂದು ನೋಡುತ್ತಾರೆ. ರೈಲ್‌ನ ತುದಿಯ ರಿಲೀಫ್ ವಾಲ್ವ್‌ನ ರಿಟರ್ನ್ ಪೈಪನ್ನೂ ಬಿಚ್ಚಿ ನೋಡಿಸಿ. ಸೆಲ್ಫ್ ಹೊಡೆಯುವಾಗ ಅಲ್ಲಿಂದ ಡೀಸೆಲ್ ಬರಬಾರದು. ಬಂದರೆ ವಾಲ್ವ್ ಸೋರುತ್ತಿದೆ.

ಇಷ್ಟೂ ಸರಿಯಿದ್ದರೆ ಪಂಪ್‌ನ ಮೀಟರಿಂಗ್ ಯೂನಿಟ್ (ಪಂಪ್ ಎಷ್ಟು ಡೀಸೆಲ್ ಒತ್ತಬೇಕೆಂದು ಅಳೆದು ಬಿಡುವ ಭಾಗ) ಬಿಚ್ಚಿಸಿ, ಬಿಳಿ ಅರಿವೆಯ ಮೇಲೆ ಅದರ ಡೀಸೆಲ್ ಸುರಿದು ಬಿಸಿಲಿಗೆ ಹಿಡಿಯಿರಿ. ಶುದ್ಧವಿದ್ದರೆ ಆ ಯೂನಿಟ್ ಒಂದನ್ನೇ ಬದಲಿಸಿ ನೋಡಬಹುದು. ಬೆಳ್ಳಿಯ ಪುಡಿಯಂತೆ ಮಿನುಗಿದರೆ ಪಂಪ್ ಒಳಗೇ ತಿಂದುಕೊಂಡಿದೆ. ಆಗ ಬರಿ ಪಂಪ್ ಬದಲಿಸಿ ಪ್ರಯೋಜನವಿಲ್ಲ. ಅದೇ ಪುಡಿ ಇಂಜೆಕ್ಟರ್, ರೈಲ್, ರಿಟರ್ನ್ ಮೂಲಕ ಟಾಕಿಯವರೆಗೂ ಹೋಗಿರುತ್ತದೆ. ಟಾಕಿ ತೊಳೆದು, ಪೈಪುಗಳಿಗೆ ಡೀಸೆಲ್ ಹರಿಸಿ, ಎರಡೂ ಫಿಲ್ಟರ್ ಬದಲಿಸಿ, ರೈಲ್ ಬಿಚ್ಚಿ ತೊಳೆದು, ಇಂಜೆಕ್ಟರ್‌ಗಳನ್ನು ಬೆಂಚಿನಲ್ಲಿ ಪರೀಕ್ಷಿಸಿದ ಮೇಲೆಯೇ ಹೊಸ ಪಂಪ್ ಕೂರಬೇಕು. ಖರ್ಚು ದೊಡ್ಡದು, ನಿಜ. ಬಿಟ್ಟರೆ ಹೊಸ ಪಂಪ್‌ ಹಾಕಿದ ಖರ್ಚೂ ಮುಳುಗುತ್ತದೆ.

ಕೂರಿಸುವಾಗ ಮೂರು ಮಾತು ಮಿಸ್ತ್ರಿಗೆ ಹೇಳಿ. ಗೇರ್ ಬಿಚ್ಚುವ ಮುಂಚೆ ಪೇಂಟ್ ಗುರುತು ಹಾಕಲಿ. ಹಲವು ಕಾಮನ್ ರೈಲ್ ಪಂಪ್‌ಗಳಿಗೆ ಹಳೆಯ ಪಂಪ್‌ನಂಥ ಟೈಮಿಂಗ್ ಇಲ್ಲ, ಆದರೂ ಕೆಲವು ಮಾದರಿಯಲ್ಲಿ ಇದೆ. ಗೇರ್ ತೆಗೆಯಲು ಪುಲ್ಲರ್ ಬಳಸಲಿ, ಶಾಫ್ಟ್ ಮೇಲೆ ಸುತ್ತಿಗೆ ಬೀಳಬಾರದು. ಪೈಪುಗಳ ಬಾಯಿಗೆ ಹಾಕಿದ ಮುಚ್ಚಳವನ್ನು ಜೋಡಿಸುವ ಗಳಿಗೆಯಲ್ಲೇ ತೆಗೆಯಲಿ. ಆಮೇಲೆ ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಅದು ನೂರು ಸಲವಾದರೂ ಸರಿ, ಆಮೇಲೆಯೇ ಸೆಲ್ಫ್. ಇಂಥ ಬಹುತೇಕ ಪಂಪ್‌ಗಳಿಗೆ ಜಾರಿಕೆಯ ಎಣ್ಣೆಯೂ ಡೀಸೆಲ್ಲೇ. ಒಣಗಿದ ಪಂಪನ್ನು ತಿರುಗಿಸಿದರೆ ಮೊದಲ ನಿಮಿಷದಲ್ಲೇ ಗೀರು ಬೀಳುತ್ತದೆ.

ಪ್ರಶ್ನೆ: ಬೆಳಗಾವಿಯಿಂದ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ತರಕಾರಿ ಒಯ್ಯುವ ಡೀಸೆಲ್ ಪಿಕಪ್. ಟಾಕಿಯೊಳಗೆ ಕರೆಂಟ್ ಪಂಪ್ ಇದೆ. ಒಮ್ಮೊಮ್ಮೆ ಚಾಲೂ ಆಗುವುದೇ ಇಲ್ಲ.
— ಓದುಗರು, ಬೆಳಗಾವಿ

ಉತ್ತರ: ಕೀಲಿ ತಿರುಗಿಸಿ, ಸೆಲ್ಫ್ ಹೊಡೆಯದೆ, ಟಾಕಿಗೆ ಕಿವಿ ಹಚ್ಚಿ. ಒಂದೆರಡು ಸೆಕೆಂಡ್ ಜೇನಿನಂತೆ ಗುಂಯ್‌ಗುಡಬೇಕು. ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿ, ಆಮೇಲೆ ಅದೇ ನಂಬರಿನ ಬೇರೆ ರಿಲೇ ತಂದು ಹಾಕಿ. ಹಾರ್ನ್‌ನದು ಬಹಳ ಸಲ ಹೊಂದುತ್ತದೆ. ಆಮೇಲೆ ಮಲ್ಟಿಮೀಟರ್. ಪಂಪ್‌ನ ಕನೆಕ್ಟರ್ ಬಿಚ್ಚಿ ಅಳೆದರೆ ಮೋಸಹೋಗುತ್ತೀರಿ, ಲೋಡ್ ಇಲ್ಲದಾಗ ತುಕ್ಕು ಹಿಡಿದ ತಂತಿಯೂ ಪೂರಾ 12 ವೋಲ್ಟ್ ತೋರಿಸುತ್ತದೆ. ಪಂಪ್ ಜೋಡಿಸಿಯೇ ಕನೆಕ್ಟರ್‌ನ ಹಿಂದಿನಿಂದ ಅಳೆಯಿರಿ. ಬ್ಯಾಟರಿಯ ವೋಲ್ಟಿಗೂ ಇದಕ್ಕೂ ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ಅರ್ಥಿಂಗ್ ಅಥವಾ ಕನೆಕ್ಟರ್ ಚೊಕ್ಕ ಮಾಡಿ. ಘಾಟಿನ ಮಳೆ, ಕೆಸರು ಬಡಿಯುವ ಗಾಡಿಗೆ ಇದು ಬಹಳ ಸಾಮಾನ್ಯ. ವೋಲ್ಟ್ ಪೂರ್ತಿ ಬಂದೂ ಸದ್ದಿಲ್ಲದೆ, ರಬ್ಬರ್ ಸುತ್ತಿಗೆಯಿಂದ ಟಾಕಿಯ ತಳ ಮೆಲ್ಲಗೆ ತಟ್ಟಿದಾಗ ಓಡಿದರೆ ಪಂಪ್‌ನ ಬ್ರಷ್ ಸವೆದಿದೆ, ಬದಲಿಸಿ.

ಬದಲಿಸುವಾಗ ಟಾಕಿಯಲ್ಲಿ ಡೀಸೆಲ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ, 20 ಲೀಟರ್ ಉಳಿದರೂ ಸುಮಾರು 17 ಕೆ.ಜಿ. ಭಾರ. ಮೇಲಿನ ಲಾಕ್ ರಿಂಗ್ ಅನ್ನು ಕಟ್ಟಿಗೆ ಅಥವಾ ಹಿತ್ತಾಳೆ ತುಂಡಿನಿಂದ ತಟ್ಟಿ ತಿರುಗಿಸಿ. ಫ್ಲೋಟಿನ ಕಡ್ಡಿ ಬಾಗಿದರೆ ಮೀಟರ್ ಸುಳ್ಳು ಹೇಳುತ್ತದೆ, ಆದ್ದರಿಂದ ಓರೆಯಾಗಿ ಎತ್ತಿ ತೆಗೆಯಿರಿ. ಸೀಲ್ ರಿಂಗ್ ಹೊಸದೇ ಆಗಬೇಕು. ಇನ್ನು ಟಾಕಿ ತಳ ಕಾಣುವಷ್ಟು ಡೀಸೆಲ್ ಇಟ್ಟುಕೊಂಡು ಘಾಟ್ ಇಳಿಯಬೇಡಿ. ಇಳಿಜಾರಿನಲ್ಲಿ ಡೀಸೆಲ್ ಮುಂದೆ ಸರಿದು ಪಂಪ್ ಹವಾ ಕುಡಿಯುತ್ತದೆ, ಬಿಸಿಯಾಗಿ ಬೇಗ ಸಾಯುತ್ತದೆ.

ಪ್ರಶ್ನೆ: ರೋಟರಿ ಪಂಪ್ ಇರುವ ಸಣ್ಣ ಲಾರಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಚಾಲೂ. ಬೇಸಿಗೆ ಮಧ್ಯಾಹ್ನ ಚಹಾಕ್ಕೆ ನಿಲ್ಲಿಸಿದರೆ ಮತ್ತೆ ಚಾಲೂ ಆಗಲು ಒಂದು ತಾಸು ಬೇಕು.
— ಓದುಗರು, ವಿಜಯಪುರ

ಉತ್ತರ: ಇಲ್ಲಿ ಇಂಜೆಕ್ಷನ್ ಪಂಪ್ ಮೇಲೆಯೇ ಅನುಮಾನ. ಒಳಗೆ ತಿರುಗುವ ರೋಟರ್ ಮತ್ತು ಅದನ್ನು ಸುತ್ತುವರಿದ ಪಂಪ್‌ನ ಹೆಡ್ (ಎಂಜಿನ್ ಹೆಡ್ ಅಲ್ಲ) ನಡುವಿನ ಸಂದಿ ಮೈಕ್ರಾನ್ ಲೆಕ್ಕದ್ದು. ಅದು ಸವೆದಾಗ ತಣ್ಣನೆಯ ದಪ್ಪ ಡೀಸೆಲ್ ಹೇಗೋ ನಿಲ್ಲುತ್ತದೆ, ಬಿಸಿಯಾಗಿ ತೆಳುವಾದದ್ದು ಸೆಲ್ಫಿನ ನಿಧಾನ ವೇಗದಲ್ಲಿ ಸಂದಿಯಿಂದ ಜಾರಿಹೋಗುತ್ತದೆ. ಪರೀಕ್ಷೆಗೆ ಗಾಡಿ ಮುಷ್ಕರ ಹೂಡಿದಾಗ ಒದ್ದೆ ಅರಿವೆಯನ್ನು ಪಂಪ್‌ನ ಹೆಡ್ ಮೇಲೆ ಹತ್ತು ನಿಮಿಷ ಹೊದಿಸಿ, ನಡುವೆ ಒಮ್ಮೆ ಬದಲಿಸಿ. ಆಗ ಚಾಲೂ ಆದರೆ ಹೆಡ್ ಸವೆದಿದೆ. ಬಕೆಟ್ ನೀರು ಸುರಿಯಬೇಡಿ, ಬಿಸಿ ಪಂಪ್ ಒಮ್ಮೆಲೇ ಕುಗ್ಗಿ ರೋಟರ್ ಹಿಡಿದುಕೊಳ್ಳಬಹುದು.

ಅದಕ್ಕೂ ಮೊದಲು ಎರಡು ಸಂಗತಿ ನೋಡಿ. ಬಿಸಿಯಾದಾಗ ಸೆಲ್ಫ್ ಮೋಟಾರೇ ನಿಧಾನವಾಗುತ್ತಿದೆಯೇ? ಕೀಲಿ ತಿರುಗಿಸಿದಾಗ ಪಂಪ್ ಮೇಲಿನ ಸ್ಟಾಪ್ ಸೊಲೆನಾಯ್ಡ್ ‘ಟಿಕ್’ ಎನ್ನುತ್ತದೆಯೇ? ‘ಟಿಕ್’ ಇಲ್ಲದಿದ್ದರೆ ಡೀಸೆಲ್ ಬಾಗಿಲೇ ತೆರೆದಿಲ್ಲ, ಪಂಪ್ ಮೇಲೆ ತಪ್ಪು ಹೊರಿಸಬೇಡಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರ್ ಮುಟ್ಟುತ್ತಿದೆ, ಹೊಗೆಯೇ ಇಲ್ಲದಿದ್ದರೆ ಮುಟ್ಟುತ್ತಿಲ್ಲ. ಹೆಡ್ ಸವೆದದ್ದು ಖಚಿತವಾದರೆ ಕ್ಯಾಲಿಬ್ರೇಷನ್ ಬೆಂಚ್ ಇರುವಲ್ಲಿಯೇ ಕೆಲಸ ಮಾಡಿಸಿ. ಹೊರಗಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸಿದರೆ ಕೆಲವು ದಿನ ಚಾಲೂ ಆಗುತ್ತದೆ, ಕಪ್ಪು ಹೊಗೆ ಉಗುಳಿ ಪಿಸ್ಟನ್ ಸುಡುತ್ತದೆ.

ಪ್ರಶ್ನೆ: ನಿಪ್ಪಾಣಿ ಹತ್ತಿರ ತವಂದಿ ಘಾಟಿನಲ್ಲಿ ಗಾಡಿ ನಿಂತು ಪಂಪ್ ಬದಲಿಸಿದೆವು. ನಾಲ್ಕೇ ತಿಂಗಳಲ್ಲಿ ಹೊಸದೂ ಹೋಯಿತು. ನಕಲಿ ಮಾಲೇ?
— ಲಾರಿ ಮಾಲೀಕರು, ಚಿಕ್ಕೋಡಿ

ಉತ್ತರ: ನಕಲಿ ಇರಬಹುದು. ಆದರೆ ಮೊದಲ ಪಂಪನ್ನು ಕೊಂದದ್ದು ಇನ್ನೂ ಟಾಕಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ಮೊದಲನೆಯದು ನೀರು. ಫಿಲ್ಟರ್ ತಳದ ಡ್ರೈನ್ ಸ್ಕ್ರೂವನ್ನು ಬೆಳಿಗ್ಗೆ ಚಾಲೂ ಮಾಡುವ ಮುಂಚೆ ತೆರೆಯಿರಿ. ರಾತ್ರಿಯೆಲ್ಲ ನಿಂತಾಗ ನೀರು ತಳಕ್ಕೆ ಇಳಿದಿರುತ್ತದೆ. ಗಾಜಿನ ಲೋಟದಲ್ಲಿ ಹಿಡಿದರೆ ನೀರು ಕೆಳಗೆ, ಡೀಸೆಲ್ ಮೇಲೆ ಗೆರೆ ಎಳೆದಂತೆ ಬೇರೆಯಾಗುತ್ತದೆ. ಎರಡನೆಯದು ಸೀಮೆಎಣ್ಣೆ ಬೆರೆತ ಡೀಸೆಲ್. ಅದರಲ್ಲಿ ಜಾರಿಕೆ ಕಡಿಮೆ, ಪ್ಲಂಜರ್ ಒಣಗಿ ಉಜ್ಜುತ್ತದೆ. ಬಂಕ್‌ನಲ್ಲಿ ಡೆನ್ಸಿಟಿ (ಸಾಂದ್ರತೆ) ತೋರಿಸಿ ಎಂದು ಕೇಳುವುದು ಗ್ರಾಹಕರ ಹಕ್ಕು. 15 ಡಿಗ್ರಿಗೆ ಹೊಂದಿಸಿ ಬರೆದ ಅವರ ದಾಖಲೆಯ ಅಂಕಿಗೂ ನಿಮ್ಮೆದುರು ಅಳೆದು ಹಾಗೆಯೇ ಹೊಂದಿಸಿದ ಅಂಕಿಗೂ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ಅಂತರ ಇರಕೂಡದು.

ಟಾಕಿಯನ್ನು ಪೂರ್ತಿ ಇಳಿಸಿ, ಫ್ಲೋಟ್ ತೆಗೆದು, ಡೀಸೆಲ್‌ನಿಂದಲೇ ತೊಳೆಯಿರಿ, ನೀರಿನಿಂದ ಬೇಡ. ತಳದಲ್ಲಿ ಲೋಳೆಯಂಥ ಕಪ್ಪು ಪದರ ಸಿಕ್ಕರೆ ಅದು ನೀರೂ ಡೀಸೆಲ್ಲೂ ಕೂಡುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದ್ದು. ಒಂದು ಚೂರು ಉಳಿದರೂ ಮತ್ತೆ ಹಬ್ಬುತ್ತದೆ. ಡ್ರಮ್ಮಿನಲ್ಲಿ ಡೀಸೆಲ್ ಇಡುವವರು ಡ್ರಮ್ಮನ್ನು ಸ್ವಲ್ಪ ವಾಲಿಸಿ ನಿಲ್ಲಿಸಿ, ತಳದಿಂದ ಒಂದು ಗೇಣು ಮೇಲಿನಿಂದ ಮಾತ್ರ ಎಳೆದುಕೊಳ್ಳಿ. ಸಾಧ್ಯವಾದರೆ ಸಂಜೆ ಟಾಕಿ ತುಂಬಿಸಿ ನಿಲ್ಲಿಸಿ. ಖಾಲಿ ಜಾಗ ಇದ್ದಷ್ಟೂ ರಾತ್ರಿಯ ತಂಪಿಗೆ ಒಳಗೆ ಬೆವರು ಕಟ್ಟುತ್ತದೆ.

ತೊಳೆದ ಮೇಲೆ ಫಿಲ್ಟರ್ ಹಾಕಿ, 500 ಕಿ.ಮೀ. ಓಡಿಸಿ ಮತ್ತೊಮ್ಮೆ ಬದಲಿಸಿ. ತೆಗೆದ ಫಿಲ್ಟರನ್ನು ಎಸೆಯಬೇಡಿ. ಗರಗಸದಿಂದ ಕೊಯ್ದು, ಒಳಗಿನ ಕಾಗದವನ್ನು ಬಿಳಿ ಅರಿವೆಯ ಮೇಲೆ ಹರಡಿ ಬಿಸಿಲಿನಲ್ಲಿ ನೋಡಿ. ಕಂದು ಬಣ್ಣವಿದ್ದರೆ ಟಾಕಿಯ ತುಕ್ಕು, ಕಪ್ಪು ಲೋಳೆ ಇದ್ದರೆ ನೀರು. ಬೆಳ್ಳಿಯ ಮಿನುಗು ಕಂಡರೆ ಆ ಗಾಡಿಗೆ ಇನ್ನೊಮ್ಮೆ ಸೆಲ್ಫ್ ಹೊಡೆಯಬೇಡಿ, ಟೋ ಮಾಡಿಸಿಯೇ ಗ್ಯಾರೇಜಿಗೆ ಒಯ್ಯಿರಿ.